ಗುಂಡ್ಲುಪ್ಯಾಟ ಮತ್ತು ಏತ್ವದ ದೀರ್ಘ

ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ ಎಂಬುದು ಕನ್ನಡಿಗರ ಹಳೆಯ ಹೆಮ್ಮೆ. ನಗರದ ವಿದ್ಯಾವಂತ ಮನೆಯ ಮಗುವಿನ ಮಟ್ಟಿಗೆ ಅದು ಬಹುಪಾಲು ನಿಜ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಮಗುವಿನ ಮಟ್ಟಿಗೆ ಅಷ್ಟು ನಿಜವಲ್ಲ. ಆ ಮಗುವಿನ ಬಾಯಲ್ಲಿ ಊರು ಗುಂಡ್ಲುಪ್ಯಾಟ, ಮನೆ ‘ಮನ’, ಬೇಳೆ ‘ಬ್ಯಾಳ’, ತೋಟ ‘ತ್ವಾಟ’.

ಸೇವೆಯಲ್ಲಿದ್ದಾಗ ಆ ಭಾಗದ ಶಾಲೆಯೊಂದರಲ್ಲಿ ಮೂರನೆಯ ತರಗತಿಯ ಬರವಣಿಗೆ ಪುಸ್ತಕಗಳನ್ನು ತಿರುವಿ ಹಾಕಿದ್ದೆ. ‘ಪ್ಯಾಟ’, ‘ಮ್ಯಾಲ’ ಎಂದಿದ್ದಲ್ಲೆಲ್ಲ ಕೆಂಪು ಗೀಟು. ಆದರೆ ‘ಪ್ಯಾಟ’ ಎಂದು ಬರೆಯಲು ಮಗುವಿಗೆ ಯ-ಒತ್ತು ಗೊತ್ತಿರಬೇಕು, ಇಳಿ ಗೊತ್ತಿರಬೇಕು. ಬರೀ ಏತ್ವ, ದೀರ್ಘಗಳಿಗಿಂತ ಅದು ಕಠಿಣವಾದ ಕೆಲಸ. ಆ ಮಗು ಕಿವಿಗೆ ಕೇಳಿದ್ದನ್ನು ಲೋಪವಿಲ್ಲದೆ ಬರೆದಿತ್ತು. ಇದೇ ಸೀಮೆಯ ನುಡಿಗಟ್ಟಿನಲ್ಲಿ ದೇವನೂರ ಮಹಾದೇವರು ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು, ಶಾಲೆಯ ಪುಸ್ತಕದಲ್ಲಿ ಅದೇ ನುಡಿಗೆ ಕೆಂಪು ಶಾಯಿ!

ಶಿಷ್ಟ ಬರಹ ಬೇಡವೆಂದು ನಾನು ವಾದಿಸುತ್ತಿಲ್ಲ. ಮುಂದೆ ಅರ್ಜಿ ಬರೆಯಬೇಕಾದವರು, ಪರೀಕ್ಷೆ ಎದುರಿಸಬೇಕಾದವರು ಈ ಮಕ್ಕಳೇ. ಪ್ರಶ್ನೆ ಇರುವುದು ಕಲಿಸುವ ಕ್ರಮದಲ್ಲಿ. ತಲೆಕಟ್ಟು, ಇಳಿ, ಗುಡಿಸು, ಕೊಂಬು ಎಂದು ರಾಗವಾಗಿ ಒಪ್ಪಿಸುವ ಪದ್ಧತಿಯಲ್ಲಿ 34 ವ್ಯಂಜನಗಳಿಗೆ 13 ಸ್ವರಗಳು ಸೇರಿ 442 ರೂಪಗಳಾಗುತ್ತವೆ. ರಾಗ ಬಾಯಿಗೆ ಬಂದರೂ ಅಕ್ಷರವನ್ನು ಬಿಡಿಯಾಗಿ ತೋರಿಸಿದರೆ ತಡವರಿಸುವ ಮಕ್ಕಳು ಎಲ್ಲ ಕಡೆಯೂ ಇದ್ದಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಈ ಜಾಡನ್ನು ಮುರಿಯಿತು. ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಶುರುಮಾಡಿ, ಕಲಿತಷ್ಟರಲ್ಲೇ ಪದ ಕಟ್ಟಿಸಿತು. ಅದರ ಕಾರ್ಡುಗಳನ್ನು ರೂಪಿಸುವುದರಲ್ಲಿ ಅಲ್ಲಿನ ಶಿಕ್ಷಕರದೇ ಕೈಯಿತ್ತು. 2009–10ರಲ್ಲಿ ಅದು ರಾಜ್ಯವ್ಯಾಪಿಯಾದಾಗ, ಸರ್ಕಾರಿ ಯೋಜನೆಗಳ ಸ್ವಭಾವದಂತೆ, ಬೀದರಿಗೂ ಗುಂಡ್ಲುಪೇಟೆಗೂ ಒಂದೇ ಅಚ್ಚು ಎಂಬಂತಾಯಿತು.

ಇಲ್ಲಿಯ ಮಾತಿನಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ. ಪೇಟೆ, ಮೇಲೆ, ತೋಟ ಮುಂತಾದ ಪದಗಳ ಏಕಾರ, ಓಕಾರಗಳು ಬಾಯಲ್ಲಿ ‘ಯಾ’, ‘ವಾ’ ಆಗುತ್ತವೆ. ಆದರೆ ಮುಂದಿನ ಅಕ್ಷರದಲ್ಲಿ ಇಕಾರವೋ ಉಕಾರವೋ ಇದ್ದರೆ ಹಾಗಾಗುವುದಿಲ್ಲ: ಬೇಲಿ ಬೇಲಿಯೇ, ಕೋಳಿ ಕೋಳಿಯೇ. ಹಾಗಿದ್ದ ಮೇಲೆ ಏತ್ವದ ದೀರ್ಘವನ್ನು ಬೇಲಿಯಿಂದಲೇ, ಓತ್ವದ ದೀರ್ಘವನ್ನು ಕೋಳಿಯಿಂದಲೇ ಏಕೆ ಶುರುಮಾಡಬಾರದು? ಅಲ್ಲಿ ಮನೆಯ ಮಾತೂ ಪುಸ್ತಕದ ಬರಹವೂ ಒಂದೇ. ಸಂಜ್ಞೆ ಗಟ್ಟಿಯಾದ ಮೇಲೆ ‘ನಾವು ಪ್ಯಾಟ ಅನ್ನುತ್ತೇವೆ, ಪೇಟೆ ಎಂದು ಬರೆಯುತ್ತೇವೆ’ ಎಂದು ಜೋಡಿ ಪದಗಳನ್ನು ಅಕ್ಕಪಕ್ಕ ಇಡಬಹುದು. ‘ಬೆಳೆ’ಗೂ ‘ಬೇಳೆ’ಗೂ ಇರುವ ವ್ಯತ್ಯಾಸ ರೈತರ ಮಕ್ಕಳಿಗೆ ವಿವರಿಸಿ ಹೇಳಬೇಕಾದದ್ದೇನಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಕ್ಕಳಿಗೆ ಪುಸ್ತಕದ ಕನ್ನಡ ಇನ್ನೂ ದೂರ. ಅವರಿಗಾಗಿ ಬೇರೆಯೇ ಪಟ್ಟಿ ಬೇಕು.

ಮೂರನೆಯ ತರಗತಿಯ ಕೊನೆಗೆ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದಬೇಕೆಂದು 2021ರ ನಿಪುಣ್ ಭಾರತ್ ಯೋಜನೆ 2026–27ರ ಗಡುವು ಇಟ್ಟಿತು. ನಾಲ್ಕನೆಯ ತರಗತಿಯಿಂದಾಚೆಗೆ ಪರಿಸರ, ಗಣಿತ ಎಲ್ಲವನ್ನೂ ಓದಿಯೇ ಕಲಿಯಬೇಕು. ಕಾಗುಣಿತದಲ್ಲಿ ಮುಗ್ಗರಿಸಿದ ಮಗು ಎಲ್ಲ ವಿಷಯಗಳಲ್ಲೂ ಹಿಂದೆ ಬೀಳುತ್ತದೆ. ನಾನು ಹೇಳಿದ್ದಕ್ಕೆ ಹೊಸ ಅನುದಾನ ಬೇಕಿಲ್ಲ, ಬೆಂಗಳೂರಿನ ಸುತ್ತೋಲೆಯೂ ಬೇಕಿಲ್ಲ. ಸ್ಥಳೀಯ ಶಿಕ್ಷಕರು ಕ್ಲಸ್ಟರ್ ಸಭೆಯ ಒಂದು ಮಧ್ಯಾಹ್ನ ಕುಳಿತರೆ ಇಂಥ ನೂರು ಪದಗಳ ಪಟ್ಟಿ ಸಿದ್ಧವಾಗುತ್ತದೆ. ಅವರಲ್ಲಿ ಅನೇಕರು ಬಾಲ್ಯದಲ್ಲಿ ಗುಂಡ್ಲುಪ್ಯಾಟ ಎಂದವರೇ.