ಮೊಳಕೆ ಪರೀಕ್ಷೆಗೆ ಎಷ್ಟು ಕಾಳು ಬೇಕು?

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ತುಕ್ಕಾನಟ್ಟಿಯಂಥ ಊರುಗಳಲ್ಲಿ ಮುಂಗಾರಿಗೆ ಸೋಯಾ ಅವರೆ ಬಿತ್ತುವ ರೈತರು ಹಿಂದಿನ ವರ್ಷದ ಸ್ವಂತ ಬೀಜವನ್ನೇ ಬಳಸುವುದುಂಟು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಸೋಯಾ ಕಾಳಿನ ಸಿಪ್ಪೆ ಬಹಳ ತೆಳು. ರಾಶಿ ಯಂತ್ರದ ಪೆಟ್ಟಿಗೂ, ಚೀಲ ಎತ್ತಿ ಒಗೆಯುವುದಕ್ಕೂ ಒಳಗಿನ ಮೊಳಕೆ ಕೆಡುತ್ತದೆ, ಹೊರಗೆ ಕಾಣುವುದಿಲ್ಲ. ಬಿತ್ತಿದ್ದು ಹುಟ್ಟದಿದ್ದರೆ ಬೀಜ, ಕೂಲಿ, ಹದ ಮೂರೂ ಹೋದಂತೆ.

ಹಲವರು ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಏಳು ಮೊಳೆತರೆ ನೂರಕ್ಕೆ ಎಪ್ಪತ್ತು ಎಂದು ತೀರ್ಮಾನಿಸುತ್ತಾರೆ. ಪ್ರಮಾಣಿತ ಸೋಯಾ ಬೀಜಕ್ಕೆ ಇರಬೇಕಾದ ಕನಿಷ್ಠ ಮೊಳಕೆಯೂ ಶೇ. 70. ಆದರೆ ಹತ್ತು ಕಾಳಿನ ಸಾಕ್ಷಿ ನಂಬತಕ್ಕದ್ದೇ?

ಒಂದು ರಾಶಿಯ ನಿಜವಾದ ಮೊಳಕೆ ಶೇ. 70 ಎಂದಿಟ್ಟುಕೊಳ್ಳೋಣ. ಅದರಿಂದ ಹತ್ತು ಹತ್ತು ಕಾಳು ತೆಗೆದು ನೂರು ಸಲ ಪರೀಕ್ಷಿಸಿದರೆ, ಸಂಭವನೀಯತೆಯ ಲೆಕ್ಕದಂತೆ ಸರಿಯಾಗಿ ಏಳು ಮೊಳೆಯುವುದು ಸುಮಾರು 27 ಸಲ ಮಾತ್ರ. 23 ಸಲ ಎಂಟು, 20 ಸಲ ಆರು. 15 ಸಲ ಐದು ಅಥವಾ ಅದಕ್ಕೂ ಕಡಿಮೆ. ಉಳಿದ 15 ಸಲ ಒಂಬತ್ತು ಇಲ್ಲವೆ ಹತ್ತು. ಕಣದಲ್ಲಿ ಸುರಿದ ರಾಶಿಯಂತೆ ನಡುವೆ ಎತ್ತರ, ಅಂಚಿಗೆ ಇಳಿಜಾರು. ಸಂಖ್ಯಾಶಾಸ್ತ್ರಜ್ಞರು ಇದನ್ನೇ 'ವಿತರಣೆ' ಎನ್ನುತ್ತಾರೆ.

ಒಳ್ಳೆಯ ಬೀಜ ಕೆಟ್ಟದ್ದೆಂದು ಕಂಡರೆ ನಷ್ಟ ಅಷ್ಟಿಲ್ಲ. ಅರ್ಧಕ್ಕರ್ಧ ಸತ್ತ ಬೀಜ ಒಳ್ಳೆಯದೆಂದು ಕಂಡರೆ ಹೊಲವೇ ಹೋಗುತ್ತದೆ. ಶೇ. 50 ಮೊಳಕೆಯ ಬೀಜದಲ್ಲಿಯೂ ಹತ್ತು ಕಾಳಿಗೆ ಏಳು ಅಥವಾ ಹೆಚ್ಚು ಮೊಳೆಯುವುದು ನೂರಕ್ಕೆ 17 ಸಲ! ನೂರು ಕಾಳು ಹಾಕಿದರೆ ಅದೇ ಬೀಜ 70 ಮುಟ್ಟುವ ಸಂಭವ ಹತ್ತು ಸಾವಿರಕ್ಕೆ ಒಂದೂ ಇಲ್ಲ.

ನೂರು ಕಾಳಿನಲ್ಲಿಯೂ ಏರುಪೇರು ಇದ್ದೇ ಇದೆ. ಶೇ. 70ರ ಬೀಜ ನೂರರಲ್ಲಿ 95 ಸಲ 61ರಿಂದ 79ರ ನಡುವೆ ಬರುತ್ತದೆ. ಕಾಳು ನಾಲ್ಕು ಪಟ್ಟು ಮಾಡಿದರೆ ಈ ಏರುಪೇರು ಅರ್ಧಕ್ಕೆ ಇಳಿಯುತ್ತದೆ. ಬೀಜ ಪರೀಕ್ಷಾ ಪ್ರಯೋಗಾಲಯಗಳಲ್ಲಿ 400 ಕಾಳು ಎಣಿಸುವುದು ಸುಮ್ಮನೆ ಅಲ್ಲ. ಮನೆಯಲ್ಲಿ ನೂರು ಸಾಕು. ಅನುಮಾನವಾದರೆ ಇನ್ನೊಂದು ನೂರು.

ಈ ಲೆಕ್ಕವೆಲ್ಲ ಕಾಳನ್ನು ಆರಿಸದೆ ತೆಗೆದಾಗ ಮಾತ್ರ ನಿಲ್ಲುತ್ತದೆ. ಕೈ ತಾನಾಗಿಯೇ ದುಂಡನೆಯ ಕಾಳಿನತ್ತ ಹೋಗುತ್ತದೆ. ಪ್ರತಿ ಚೀಲದ ಮೇಲು, ನಡು, ತಳದಿಂದ ಒಂದೊಂದು ಹಿಡಿ ತೆಗೆದು, ಬೆರೆಸಿ, ನೋಡದೆ ಎಣಿಸಬೇಕು. ಒದ್ದೆ ಗೋಣಿತಾಟಿನ ಮೇಲೆ ಸಾಲಿಗೆ ಹತ್ತರಂತೆ ಹತ್ತು ಸಾಲು ಇಟ್ಟು, ಸುರುಳಿ ಸುತ್ತಿ ನೆರಳಲ್ಲಿಡಬೇಕು. ಎಂಟನೆಯ ದಿನ ಬೇರು, ಕಾಂಡ ಸರಿಯಾಗಿರುವ ಸಸಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಶೇ. 70 ಮೊಳಕೆಗೆ ಎಕರೆಗೆ 25 ಕಿ.ಗ್ರಾಂ. ಬೀಜ ಹಾಕುವವರು 60 ಬಂದರೆ 29 ಕಿ.ಗ್ರಾಂ. ಹಾಕಬೇಕಾಗುತ್ತದೆ. 50ಕ್ಕಿಂತ ಕೆಳಗಿದ್ದರೆ ಬೀಜ ಬದಲಿಸುವುದೇ ಲೇಸು. ತುಕ್ಕಾನಟ್ಟಿಯಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವಿದೆ, ಅಲ್ಲಿ ವಿಚಾರಿಸಬಹುದು. ಬೀಜೋಪಚಾರವನ್ನು ಮಾತ್ರ ಪರೀಕ್ಷೆ ಮುಗಿದ ಮೇಲೆ ಮಾಡಿರಿ. ಔಷಧಿ ಹಚ್ಚಿದ ಕಾಳು ಬಿತ್ತಲು ಬಾರದಿದ್ದರೆ ಎಣ್ಣೆ ಗಿರಣಿಗೂ ಬಾರದು.