ಊಟ ಬಿಡುವುದು ಹಟವಲ್ಲ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆ ನಮಗೆಲ್ಲ ತಿಳಿದದ್ದೇ. ಆದರೆ ಊಟವೇ ರೋಗದ ಮನೆಯಾದರೆ ಮಾಡುವುದೇನು? ಈ ಲೇಖನ ಬರೆಯುತ್ತಿರುವ ನಾನು ವೈದ್ಯನಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಓದಿ ತಿಳಿದುದನ್ನೂ ಕಣ್ಣಾರೆ ಕಂಡುದನ್ನೂ ವಾಚಕ ಬಾಂಧವರ ಮುಂದೆ ಇಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕೋಣೆಯಲ್ಲಿ ಊರ ಕಡೆಯ ಒಬ್ಬ ತರುಣನಿದ್ದ. ಮೆಸ್ಸಿನಲ್ಲಿ ಎಲೆ ಹಾಕಿದರೆ "ನನ್ನದು ಆಗಲೇ ಆಯಿತು" ಎನ್ನುವನು. ದುಡ್ಡು ಉಳಿಸುತ್ತಿದ್ದಾನೆಂದು ನಾವು ನಗೆಯಾಡಿದೆವು. ಅಂಗಿ ಜೋತುಬಿದ್ದಾಗಲೂ ನಮಗೆ ಅರಿವಾಗಲಿಲ್ಲ. ಒಂದು ರಾತ್ರಿ ಅವನು, "ಅಣ್ಣಾ, ನಾನಿಲ್ಲದಿದ್ದರೆ ಮನೆಯವರಿಗೆ ಒಂದು ಹೊರೆ ಕಡಮೆ" ಎಂದ. ಆಗ ನಮ್ಮ ನಗೆ ನಿಂತಿತು.

ಈ ಬೇನೆ ಹೊಸದಲ್ಲ. ಆಹಾರವನ್ನು ತೊರೆದು ದೇಹವನ್ನು ಸೊರಗಿಸುವ ರೋಗಕ್ಕೆ ಇಂಗ್ಲೆಂಡಿನ ವೈದ್ಯ ವಿಲಿಯಂ ಗಲ್ 1874ರಲ್ಲಿ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು ಬಳಕೆಗೆ ತಂದರು. ತಡೆಯಲಾರದೆ ಮಿತಿಮೀರಿ ತಿಂದು, ನಾಚಿಕೆಪಟ್ಟು, ತಿಂದುದನ್ನು ಹೊರಹಾಕುವ ರೋಗವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ಬುಲಿಮಿಯಾ ನರ್ವೋಸಾ ಎಂದು ವಿವರಿಸಿದರು. ಇದು ಪಶ್ಚಿಮದ ಶ್ರೀಮಂತರ ಖಾಯಿಲೆ, ನಮಗಲ್ಲ ಎನ್ನುವಂತಿಲ್ಲ. ಊಟ ನಿರಾಕರಿಸಿ, ವಾಂತಿಯಾಗುತ್ತ ಬಹಳ ಸೊರಗಿದ ಐವರು ಯುವತಿಯರ ವಿಷಯವನ್ನು ನಮ್ಮ ದೇಶದ ವೈದ್ಯರು 1995ರಲ್ಲಿ ಬರೆದರು. ಪಶ್ಚಿಮದ ರೋಗಿಗಳಂತೆ ತಮ್ಮ ದೇಹವನ್ನು ದಪ್ಪವೆಂದು ಕಾಣುವ ಲಕ್ಷಣ ಅವರಲ್ಲಿರಲಿಲ್ಲ. ಆದ್ದರಿಂದ "ತೆಳ್ಳಗಾಗುವ ಹುಚ್ಚು" ಕಾಣಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. 2025ರ ಮಾರ್ಚಿಯಲ್ಲಿ ಉತ್ತರ ಕೇರಳದ ಒಬ್ಬ ಹುಡುಗಿ ತಿಂಗಳುಗಟ್ಟಲೆ ಆಹಾರ ತೊರೆದು ಆಸ್ಪತ್ರೆಯಲ್ಲಿ ತೀರಿಕೊಂಡ ವಾರ್ತೆಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದೆವು. ಗಂಡಸರಿಗೂ ಇದು ಬರುತ್ತದೆ.

ಹಸಿವಿನಿಂದಲೇ ಸಾವು ಬರುತ್ತದೆಂದು ನಾವು ತಿಳಿಯುತ್ತೇವೆ. ಅದು ಅರ್ಧ ಸತ್ಯ. ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿದ 2011ರ ಒಂದು ಪರಿಶೀಲನೆಯಲ್ಲಿ, ಅನೊರೆಕ್ಸಿಯಾ ಇದ್ದು ಸತ್ತವರ ಪೈಕಿ ಸುಮಾರು ಐವರಲ್ಲಿ ಒಬ್ಬರ ಸಾವು ಆತ್ಮಹತ್ಯೆಯೆಂದು ಕಂಡುಬಂದಿತು. ಹೀಗೇಕೆ?

ಮೊದಲನೆಯ ಕಾರಣ, ಹಸಿವು ಮನಸ್ಸನ್ನೇ ಕತ್ತಲುಗೊಳಿಸುತ್ತದೆ. ಯುದ್ಧದ ಕೊನೆಯ ದಿನಗಳಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿಯೇ ಒಪ್ಪಿ ಬಂದ 36 ಆರೋಗ್ಯವಂತ ತರುಣರಿಗೆ 24 ವಾರ ಅರೆಹೊಟ್ಟೆಯ ಊಟ ಕೊಟ್ಟು ಪರೀಕ್ಷಿಸಿದರು. ನಗುನಗುತ್ತಿದ್ದವರು ಸಿಡುಕರಾದರು, ಗೆಳೆಯರನ್ನು ಬಿಟ್ಟು ಒಂಟಿಯಾದರು, ಖಿನ್ನರಾದರು. ಹಗಲಿರುಳೂ ಅನ್ನದ ಯೋಚನೆಯೇ. ಗಟ್ಟಿ ಮನಸ್ಸಿನವರಿಗೇ ಹೀಗಾದರೆ ಮೊದಲೇ ನೊಂದವರ ಪಾಡೇನು?

ಎರಡನೆಯದು ನಾಚಿಕೆ. ಎಲ್ಲದರಲ್ಲಿಯೂ ಲೋಪವಿಲ್ಲದಂತಿರಬೇಕೆಂದು ತನ್ನನ್ನು ತಾನೇ ಅಳೆಯುವವನಿಗೆ ಒಂದು ತುತ್ತು ಹೆಚ್ಚಾದರೂ ಅಪರಾಧವೆನಿಸುತ್ತದೆ. ತಿಂದು ಹೊರಹಾಕುವವರಲ್ಲಿ ಮನಸ್ಸು ಕದಡಿದ ಗಳಿಗೆಯಲ್ಲಿ ದುಡುಕುವ ಸ್ವಭಾವವೂ ಸೇರಿರಬಹುದು. ಬಾಲ್ಯದಲ್ಲಿ ಹಿಂಸೆ ಕಂಡವರಲ್ಲಿ ಅಪಾಯ ಇನ್ನೂ ಹೆಚ್ಚು.

ಮೂರನೆಯದನ್ನು ಥಾಮಸ್ ಜಾಯ್ನರ್ ಎಂಬ ಮನಶ್ಶಾಸ್ತ್ರಜ್ಞರು 2005ರಲ್ಲಿ ವಿವರಿಸಿದರು. ನಾನು ಯಾರಿಗೂ ಸೇರಿದವನಲ್ಲ, ನಾನು ಎಲ್ಲರಿಗೂ ಹೊರೆ ಎಂಬೆರಡು ಭಾವನೆಗಳು ಕೂಡಿದಾಗ ಸಾಯುವ ಬಯಕೆ ಹುಟ್ಟುತ್ತದೆ. ಇದರ ಮೇಲೆ, ಬಹುಕಾಲ ನೋವನ್ನು ಸಹಿಸಿ ರೂಢಿಯಾದವರಲ್ಲಿ ಪ್ರಾಣವನ್ನು ಕಾಯುವ ಸಹಜವಾದ ಭಯವೂ ಕುಗ್ಗುತ್ತದೆಂದು ಅವರ ಮತ. ಪಂಕ್ತಿಯಲ್ಲಿ ಕೂರದವನು ಅನ್ನವನ್ನಷ್ಟೇ ಅಲ್ಲ, ಜನರನ್ನೂ ಕಳೆದುಕೊಳ್ಳುತ್ತಾನೆ. ಊರು ಬಿಟ್ಟು ಬಂದ ನಮಗೆ ಈ ಮಾತು ವಿವರಿಸಬೇಕಾಗಿಲ್ಲ.

ಹಾಗಾದರೆ ನಾವು ಮಾಡಬಹುದಾದುದೇನು? ಗದರಿಸಬಾರದು, ದೇಹವನ್ನು ಕುರಿತು ಹಾಸ್ಯ ಮಾಡಬಾರದು, ಬಲವಂತದಿಂದ ತುರುಕಬಾರದು. ಬಹುದಿನ ಉಪವಾಸವಿದ್ದವರಿಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸಿದರೆ ಪ್ರಾಣಕ್ಕೇ ಅಪಾಯ, ವೈದ್ಯರ ಕಣ್ಣೆದುರಿನಲ್ಲಿಯೇ ಅನ್ನವನ್ನು ಮೆಲ್ಲಗೆ ಹೆಚ್ಚಿಸಬೇಕು. ಸಂದೇಹ ಬಂದರೆ, "ಬದುಕುವುದು ಬೇಡವೆನ್ನಿಸುತ್ತಿದೆಯೇ?" ಎಂದು ನೇರವಾಗಿ, ಮೆಲುದನಿಯಲ್ಲಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟೀತೆಂಬ ಭಯ ಬೇಡ. ಕೇಳುವುದರಿಂದ ಎದೆಯ ಭಾರ ಇಳಿಯುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಪೊಲೀಸಿನ ಭಯದಿಂದ ಮುಚ್ಚಿಡುವವರುಂಟು. 2018ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ, ಅಂಥ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಸರ್ಕಾರ ಆರೈಕೆ ಒದಗಿಸಬೇಕು.

ತಿರುವನಂತಪುರದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಯೂ ಪೇರೂರ್ಕಡದ ಮಾನಸಿಕ ಆರೋಗ್ಯ ಕೇಂದ್ರವೂ ಇವೆ. ಎರ್ನಾಕುಳಂ ಕಡೆಯವರಿಗೆ ಕಳಮಶ್ಶೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಕೇರಳ ಸರ್ಕಾರದ ದಿಶಾ ದೂರವಾಣಿ 1056. ಮಲಯಾಳ ಬಾರದವರು 14416 ಎಂಬ ಟೆಲಿಮಾನಸ್ ಸಂಖ್ಯೆಗೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು, ಹಗಲು ರಾತ್ರಿಯೆನ್ನದೆ ತೆರೆದಿರುತ್ತದೆ, ಶುಲ್ಕವಿಲ್ಲ.

ನಮ್ಮ ಕೋಣೆಯ ತರುಣನನ್ನು ಮರುದಿನವೇ ವೈದ್ಯರಿಗೆ ತೋರಿಸಿದೆವು. ಗುಣವಾಗಲು ಒಂದು ವರ್ಷಕ್ಕೂ ಮಿಗಿಲಾಯಿತು, ನಡುವೆ ಎರಡು ಸಲ ಹಿಂದೆ ಬಿದ್ದ. ಈಗ ಕೆಲಸದಲ್ಲಿದ್ದಾನೆ. ಇಂದು ನಿಮ್ಮ ಮೆಸ್ಸಿನಲ್ಲಿ ಒಂದು ಎಲೆ ಖಾಲಿ ಕಂಡರೆ, ದಯಮಾಡಿ ಎದ್ದು ಹೋಗಿ ವಿಚಾರಿಸಿ.