ನಾಲ್ಕೂವರೆ ಡಿಗ್ರಿಯ ಲೆಕ್ಕ

ನಾಗಾವಿ ಗುಡ್ಡದ ಮೇಲೆ ಈಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ನಾನು ಹೋದದ್ದು ಅಲ್ಲಿಗಲ್ಲ, ಎರೆಹೊಲದ ನಡುವಿನ ಒಂದು ಎಂಜಿನ್ ಮನೆಗೆ. ಗೋಣಿಚೀಲದ ಮೇಲೆ ಎರಡು ಕ್ಯಾಮ್‌ಶಾಫ್ಟ್ ಮಲಗಿದ್ದವು. ಒಂದು ಹಳೆಯದು, ಒಂದು ಹೊಸದು. ಕಣ್ಣಿಗೆ ಅವಳಿ ಮಕ್ಕಳಂತೆ. ಮಿಸ್ತ್ರಿ ಕ್ಯಾಲಿಪರ್ ಹಚ್ಚಿ ನೋಡಿದರೆ ಹಳೆಯದರ ಇನ್‌ಲೆಟ್ ಉಬ್ಬು ಅರ್ಧ ಮಿಲಿಮೀಟರ್ ಸವೆದಿತ್ತು.

‘ಎಷ್ಟ ಎತ್ತತೈತಿ ಅನ್ನೂದಷ್ಟ ನೋಡಬ್ಯಾಡ್ರಿ. ಎಷ್ಟೊತ್ತು ಎತ್ತಿ ಹಿಡೀತೈತಿ, ಅದನ್ನೂ ನೋಡ್ರಿ’ ಎಂದರು.

ಎಂಜಿನ್ ಕಿರ್ಲೋಸ್ಕರ್ ಟಿವಿ-1. ಒಂದೇ ಸಿಲಿಂಡರ್, 87.5 ಮಿ.ಮೀ. ಬೋರ್, 110 ಮಿ.ಮೀ. ಸ್ಟ್ರೋಕ್, ನಿಮಿಷಕ್ಕೆ 1500 ಸುತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. 1946ರಲ್ಲಿ ಪುಣೆಯ ಆಯಿಲ್ ಎಂಜಿನ್ ಕಂಪನಿ ಬಂತು. ಉಳಿದ ಕಥೆ ನಮ್ಮ ಬಾವಿ-ಬೋರ್‌ವೆಲ್‌ಗಳಿಗೆ ಗೊತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಿಸ್ತ್ರಿಯ ನೋಟ್‌ಬುಕ್ಕಿನ ಒಂದು ಸಾಲು. ಇನ್‌ಲೆಟ್ ವಾಲ್ವ್ ಪಿಸ್ಟನ್ ತುದಿ ಮುಟ್ಟುವ 4.5 ಡಿಗ್ರಿ ಮೊದಲು ತೆರೆದು, ತಳ ದಾಟಿ 35.5 ಡಿಗ್ರಿಗೆ ಮುಚ್ಚುತ್ತದೆ. ಎಕ್ಸಾಸ್ಟ್ ತಳಕ್ಕೆ 35.5 ಡಿಗ್ರಿ ಇರುವಾಗ ತೆರೆದು, ತುದಿ ದಾಟಿ 4.5ಕ್ಕೆ ಮುಚ್ಚುತ್ತದೆ. ಕನ್ನಡಿ ಹಿಡಿದಂತೆ! ಕೂಡಿಸಿ ನೋಡಿ: 4.5, 180, 35.5. ವಾಲ್ವ್ ತೆರೆದಿರುವ ಅವಧಿ, ಅಂದರೆ ಡ್ಯುರೇಶನ್, 220 ಡಿಗ್ರಿ. ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಓವರ್‌ಲ್ಯಾಪ್ ಬರೀ 9. ಎರಡು ಉಬ್ಬುಗಳ ನೆತ್ತಿಗಳ ನಡುವಿನ ಕೋನ, ಅಂದರೆ ಲೋಬ್ ಸೆಪರೇಶನ್, ಕ್ಯಾಮಿನ ಲೆಕ್ಕದಲ್ಲಿ 105.5.

ಇಲ್ಲಿಯೇ ಸ್ವಾರಸ್ಯ. 105ರ ಆಸುಪಾಸಿನ ಸೆಪರೇಶನ್ ಕಂಡರೆ ಬುಲೆಟ್ ಬೈಕಿನ ಹುಡುಗರು ‘ರೇಸ್ ಕ್ಯಾಮ್’ ಎನ್ನುತ್ತಾರೆ. ಆದರೆ ಓವರ್‌ಲ್ಯಾಪ್ ಎಂದರೆ ಡ್ಯುರೇಶನ್‌ನಿಂದ ಸೆಪರೇಶನ್‌ನ ಎರಡರಷ್ಟನ್ನು ಕಳೆದದ್ದು. ಅದೇ 105ಕ್ಕೆ 260 ಡಿಗ್ರಿಯ ಕ್ಯಾಮ್ ಕೂಡಿಸಿದರೆ ಓವರ್‌ಲ್ಯಾಪ್ 50. ನಿಧಾನ ವೇಗದಲ್ಲಿ ಇನ್‌ಲೆಟ್ ತಡವಾಗಿ ಮುಚ್ಚಿದರೆ ಒಳಗೆ ಬಂದ ಗಾಳಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಡೀಸೆಲ್‌ನಲ್ಲಂತೂ ಪಿಸ್ಟನ್ ಸಿಲಿಂಡರ್ ತಲೆಗೆ ಅಂಟಿಕೊಂಡೇ ಬರುವುದರಿಂದ, ಅಗಲ ತೆರೆದ ವಾಲ್ವ್‌ಗೆ ಅದು ಗುದ್ದಿಬಿಡುತ್ತದೆ. ಒಂದು ಅಂಕಿಯನ್ನಷ್ಟೇ ಹಿಡಿದು ಕ್ಯಾಮ್ ಹೋಲಿಸುವುದು ತಪ್ಪು ಎನ್ನಲು ನನಗೆ ಈ ಪಂಪ್ ಎಂಜಿನ್ ಸಾಕು.

ವಾಲ್ವ್ ಏಳುವ ಎತ್ತರದ, ಅಂದರೆ ಲಿಫ್ಟ್‌ನ ಲೆಕ್ಕ ಸುಲಭ: ಉಬ್ಬಿನ ಎತ್ತರವನ್ನು ರಾಕರ್ ಅನುಪಾತಕ್ಕೆ ಗುಣಿಸಿ, ಟ್ಯಾಪೆಟ್ ಸಂದು ಕಳೆಯಬೇಕು. 6 ಮಿ.ಮೀ. ಉಬ್ಬು, 1.5 ಅನುಪಾತ ಇದ್ದರೆ 9 ಮಿ.ಮೀ., ಸಂದು ಬಿಟ್ಟು.

ಡ್ಯುರೇಶನ್‌ನಲ್ಲಿ ಮಾತ್ರ ಮೋಸ ಹೋಗುವ ಸಂಭವ ಹೆಚ್ಚು. ವಾಲ್ವ್ ಆಸನ ಬಿಟ್ಟ ಕ್ಷಣದಿಂದ ಎಣಿಸುವವರು ಕೆಲವರು. 1 ಮಿ.ಮೀ. ಅಥವಾ 1.27 ಮಿ.ಮೀ. ಎದ್ದ ಮೇಲೆ ಎಣಿಸುವವರು ಕೆಲವರು. ಒಂದೇ ಶಾಫ್ಟ್ ಒಂದು ಡಬ್ಬದ ಮೇಲೆ ದೊಡ್ಡದಾಗಿ, ಇನ್ನೊಂದರ ಮೇಲೆ ಸಣ್ಣದಾಗಿ ಕಾಣುತ್ತದೆ. ಡಿಗ್ರಿ ಕ್ರ್ಯಾಂಕಿನದೋ ಕ್ಯಾಮಿನದೋ ಎಂಬುದೂ ಇದೆ, ಕ್ಯಾಮ್ ಅರ್ಧ ವೇಗದಲ್ಲಿ ತಿರುಗುವುದರಿಂದ ಕ್ರ್ಯಾಂಕಿನ 220 ಅಲ್ಲಿ 110.

ಮಿಸ್ತ್ರಿ ಹೊಸ ಶಾಫ್ಟ್ ಕೂಡಿಸಿ, ಕ್ರ್ಯಾಂಕಿಗೆ ಡಿಗ್ರಿ ಚಕ್ರ ಕಟ್ಟಿ, ಡಯಲ್ ಗೇಜ್ ಇಟ್ಟು ಮತ್ತೆ ಅಳೆದರು. ಡಬ್ಬದ ಮೇಲಿನ ಅಂಕಿಯನ್ನು ನಂಬದ ಆ ಹಟವೇ ನನಗೆ ಬಹಳ ಇಷ್ಟವಾಯಿತು.

ಕ್ಯಾಮ್‌ಶಾಫ್ಟ್ ಕೊಳ್ಳುವವರು ದರ ಕೇಳುವ ಮೊದಲು ಕೇಳಿ: ಈ ಡಿಗ್ರಿ ಎಷ್ಟು ಲಿಫ್ಟ್‌ನಲ್ಲಿ ಅಳೆದದ್ದು? ಉತ್ತರ ಸಿಗದ ಅಂಗಡಿಯಲ್ಲಿ ಕೊಳ್ಳಬೇಡಿ.